ಮರೆಹೊಕ್ಕ ಮನೆ

ಫೋನು ಬಂದಾಗ ಮಾಹ್‌ಬೀಬಿ ಇರಾನಿನ ತೆಂಕಣ ಮೂಲೆಯ ತನ್ನೂರಲ್ಲಿ, ಸರ್ಬಾಝ್ ಹೊಳೆಯ ದಂಡೆಯ ಖರ್ಜೂರದ ತೋಟದಲ್ಲಿ ಒಬ್ಬ ಮುದುಕನ ಬಾಯಿಗೆ ಹತ್ತಿ ಸುತ್ತಿದ ಕಡ್ಡಿ ತೂರಿಸಿ ಕೆನ್ನೆಯ ಒಳಮೈ ಉಜ್ಜುತ್ತಿದ್ದಳು. ಮುದುಕ ಬಾಯಿ ಅಗಲಿಸಿಕೊಂಡೇ ತನ್ನ ಕುಲದ ಕೊಂಡಾಟ ನಡೆಸಿದ್ದ. ತಾವು ಅರಬರ ನಾಡಿನ ಹಲಬ್ ಪಟ್ಟಣದಿಂದ ಕುದುರೆಯೇರಿ ಬಂದ ಬಲೂಚರು, ನೆತ್ತರಲ್ಲಿ ಒಂದು ತೊಟ್ಟು ಕಲಬೆರಕೆಯಿಲ್ಲ, ಬೇಕಾದರೆ ನಿನ್ನ ಯಂತ್ರವನ್ನೇ ಕೇಳು ಎನ್ನುತ್ತಿದ್ದ. ಫೋನಿನ ಆಚೆ, ತೆಹ್ರಾನಿನ ಪ್ರಯೋಗಾಲಯದಲ್ಲಿ, ಅವಳ ಜೊತೆಗಾತಿ ಪೂರಾನ್ ಕಿರುಚುತ್ತಿದ್ದಳು. ರಶ್ತ್ ಊರಿನ ಗೀಲಕರ ಹೆಣ್ಣು ಅವಳು, ಮೆಲ್ಲಗೆ ಮಾತಾಡಿ ಗೊತ್ತಿಲ್ಲ.

"ಸಿಕ್ತು ಕಣೇ. ನಿಮ್ಮೂರ ಮಗೂಗೆ ಹೊಂದೋ ಮಜ್ಜೆ ಸಿಕ್ತು. ಪೂರ್ತಿ ಹೊಂದುತ್ತೆ, ಒಂದು ಕಡೆನೂ ತಪ್ಪಿಲ್ಲ."

ಯಾರದು, ಯಾವೂರವರದು ಎಂದು ಮಾಹ್‌ಬೀಬಿ ಕೇಳಿದಳು. ಪೂರಾನ್ ದನಿ ತಗ್ಗಿಸಿದಳು. ಅವಳು ದನಿ ತಗ್ಗಿಸುವುದೆಂದರೆ ಕಡಲು ಸುಮ್ಮನಾದಂತೆ.

"ಮೊದಲು ಕೂತ್ಕೊ. ಕೂತ್ಯಾ? ನಿಂದೇ."

ಕಡ್ಡಿ ಮುದುಕನ ಬಾಯಲ್ಲೇ ಉಳಿಯಿತು.

ಎರಡು ವರ್ಷದಿಂದ ಮಾಹ್‌ಬೀಬಿಯ ದುಡಿಮೆಯೇ ಇದು, ಇರಾನಿನ ಉದ್ದಗಲದ ಜನರ ಜೊಲ್ಲು ಕೂಡಿಸುವುದು, ಯಾರ ಮೂಲ ಯಾವುದೆಂದು ಅದನ್ನು ಯಂತ್ರದಲ್ಲಿ ಓದಿಸುವುದು. ತುರ್ಕಮೆನ್ನರ ಹುಲ್ಲುಗಾವಲಲ್ಲಿ ಹೆಣ್ಣುಕುದುರೆಗಳ ನಡುವೆ ನಿಂತು ಕೂಡಿಸಿದ್ದಳು, ಕುರ್ದಿಗಳ ಅಕ್ರೋಟು ತೋಪಿನಲ್ಲಿ, ಲೂರರ ಕರಿ ಕಂಬಳಿ ಗುಡಾರದಲ್ಲಿ, ಅಹ್ವಾಝಿನ ಅರಬರ ಕಹಿ ಕಾಫಿಯ ಮುಂದೆ, ಗೀಲಕರ ಗದ್ದೆಯ ಬದುವಿನ ಮೇಲೆ ಕೂಡಿಸಿದ್ದಳು. ಎಲ್ಲಿ ಹೋದರೂ ಒಂದೇ ಹಾಡು. ನಾವು ಮೊದಲಿನವರು, ನಾವು ಬೆರೆಯದವರು, ಆಚೆ ಗುಡ್ಡದವರ ಮಾತು ಬಿಡು, ಅವರದು ಹೇಳಿಕೊಳ್ಳುವ ಹುಟ್ಟಲ್ಲ. ಯಂತ್ರ ಮಾತ್ರ ಯಾರನ್ನು ಕಂಡೂ ಎದ್ದು ನಿಲ್ಲುತ್ತಿರಲಿಲ್ಲ. ಕುರ್ದಿಯ ನೆತ್ತರಲ್ಲಿ ಲೂರನ ಎಳೆ, ಲೂರನಲ್ಲಿ ಅರಬನದು, ತುರ್ಕಿ ಮಾತಾಡುವ ತಬ್ರೀಝಿನವನಲ್ಲಿ ಪಕ್ಕದ ಪಾರಸಿಯವನದು, ತೆಂಕಣ ಕಡಲ ಕರೆಯವರಲ್ಲಿ ಆಫ್ರಿಕದ್ದು. ಒಂದೊಂದು ಉತ್ತರ ಬಂದಾಗಲೂ ಪೂರಾನ್ ಮತ್ತು ಅವಳು ಪ್ರಯೋಗಾಲಯದಲ್ಲಿ ಮಕ್ಕಳ ಹಾಗೆ ಕೈತಟ್ಟಿ ಕುಣಿದದ್ದುಂಟು. ಯಂತ್ರ ನೆಟ್ಟಗಿದೆಯೋ ಎಂದು ನೋಡಲು ಮೊದಲ ದಿನ ಅವಳೇ ತನ್ನ ಕೆನ್ನೆ ಉಜ್ಜಿ ಕೊಟ್ಟಿದ್ದಳು. ಕೊಟ್ಟದ್ದನ್ನು ಮರೆತೂಬಿಟ್ಟಿದ್ದಳು.

ಮಗು ಅಂದರೆ ಗ್ರಾನಾಝ್. ಈ ಊರಿನ ಮಣ್ಣುಕೋಟೆಯ ಒಡೆಯ ಮೀರ್ ದಾದ್‌ಕರೀಮನ ಮೊಮ್ಮಗಳು, ಒಂಬತ್ತರ ಹುಡುಗಿ. ಅವಳ ಮೈಯಲ್ಲಿ ನೆತ್ತರು ಸರಿಯಾಗಿ ಹುಟ್ಟದ ಕಾಯಿಲೆ, ಥಲಸ್ಸೀಮಿಯ. ತಿಂಗಳು ತಿಂಗಳು ಇರಾನ್‌ಶಹರಿಗೆ ಒಯ್ದು ಯಾರದೋ ನೆತ್ತರು ಏರಿಸಿಕೊಂಡು ಬರಬೇಕು. ಏರಿಸಿ ಏರಿಸಿ ಕಬ್ಬಿಣದ ಅಂಶ ಗುಂಡಿಗೆಗೆ ಇಳಿದಿದೆ, ಹೊಸ ಮಜ್ಜೆ ಹಾಕಿದರೆ ಉಳಿದಾಳು, ಮುಂದಿನ ಬೇಸಿಗೆಯವರೆಗೆ ಕಾಯಬೇಡಿ ಎಂದು ಶೀರಾಜಿನ ಡಾಕ್ಟರು ಹೇಳಿ ಕಳಿಸಿದ್ದರು. ತಮ್ಮಂದಿರದು ಹೊಂದಲಿಲ್ಲ, ಅಪ್ಪ ಅಮ್ಮನದು ಹೊಂದಲಿಲ್ಲ. ಆಗ ಅವಳಪ್ಪ ಮುರಾದ್‌ಬಖ್ಷ್ ನಾಚಿಕೆ ಬಿಟ್ಟು ಮಾಹ್‌ಬೀಬಿಯನ್ನು ಹಿಡಿದಿದ್ದ. ಇಷ್ಟು ಜನರ ಗುಟ್ಟು ನಿನ್ನ ಹತ್ತಿರ ಇದೆ, ಅದರಲ್ಲಿ ನನ್ನ ಮಗಳಿಗಾಗುವವರು ಒಬ್ಬರೂ ಇಲ್ಲವೇ ಎಂದು ಕೇಳಿದ್ದ. ಜೊಲ್ಲು ಕೊಟ್ಟವರನ್ನೆಲ್ಲ ಕೇಳಿ, ಒಪ್ಪಿದವರದನ್ನೆಲ್ಲ ಪೂರಾನ್ ಮಗುವಿನದರ ಜೊತೆ ಹೊಂದಿಸಿ ನೋಡಿದ್ದಳು. ತುರ್ಕಮೆನ್ನರನ್ನು ದಾಟಿ, ಕುರ್ದಿಗಳನ್ನು ದಾಟಿ, ಇಡೀ ನಾಡು ಸುತ್ತಿ ಹುಡುಕಾಟ ಕಡೆಗೆ ಬಂದು ನಿಂತದ್ದು ಅದೇ ಊರಿನ ಗುಲಾಮರ ಕೇರಿಯಲ್ಲಿ, ಅದರ ಕೊನೆಯದಾದ ಅವಳದೇ ಮನೆಯಲ್ಲಿ.

ಅವಳು ಓಡಿದಳು. ತೆಹ್ರಾನಿನಲ್ಲಿ ಬಿಳಿ ಕೋಟು ಹಾಕುವ ಹೆಣ್ಣು ಬರಿಗಾಲಲ್ಲಿ ಕಾಲುವೆ ಹಾರಿ, ಮಾವಿನ ಗಿಡಗಳ ನಡುವೆ ನುಗ್ಗಿ, ನಗುತ್ತ, ಅಳುತ್ತ ಓಡಿದಳು. ಕೊಡಲೋ ಬೇಡವೋ ಎಂಬ ಯೋಚನೆ ಅವಳ ತಲೆಗೆ ಬರಲೇ ಇಲ್ಲ.

ಮುರ್ವಾರಿದ್ ಅಜ್ಜಿ ಅಂಗಳದಲ್ಲಿ ಕೂತು ಖರ್ಜೂರದ ಬೀಜ ಬಿಡಿಸುತ್ತಿದ್ದಳು. ಮಾಹ್‌ಬೀಬಿಯ ಅವ್ವ ತೀರಿಹೋದ ಮೇಲೆ, ಅಪ್ಪ ಚಾಬಹಾರಿನ ಬಂದರಿಗೆ ಹಮಾಲಿಗೆ ಹೋದ ಮೇಲೆ ಅವಳನ್ನು ಸಾಕಿ ಓದಿಸಿದವಳು ಈ ಮುದುಕಿ, ಅವ್ವನ ಅವ್ವ. ಮಾಹ್‌ಬೀಬಿ ಏದುಸಿರಲ್ಲಿ ಬಿಡಿಸಿ ಹೇಳಿದಳು. ಪ್ರತಿಯೊಬ್ಬರ ಒಳಗೂ ಎರಡು ಸರ ಇರುತ್ತವೆ ಅಜ್ಜಿ, ಅಪ್ಪ ಕೊಟ್ಟದ್ದೊಂದು, ಅವ್ವ ಕೊಟ್ಟದ್ದೊಂದು. ಮಜ್ಜೆ ಹೊಂದಬೇಕಾದರೆ ಎರಡೂ ಸರ ಹೊಂದಬೇಕು. ಗ್ರಾನಾಝಳಲ್ಲಿ ಎರಡೂ ಒಂದೇ ನಮೂನೆಯ ಸರ. ನನ್ನಲ್ಲೂ ಎರಡೂ ಅದೇ.

ಅಜ್ಜಿ ಕೈಯ ಅಂಟನ್ನು ನೆಕ್ಕಿಕೊಂಡು ಕೇಳಿದಳು. "ಇದನ್ನ ಹೇಳೋಕೆ ತೆಹ್ರಾನಲ್ಲಿ ಅಷ್ಟು ಕರೆಂಟು ಸುಡಬೇಕಿತ್ತಾ? ನನ್ನ ಕೇಳಿದ್ರೆ ನಾನೇ ಹೇಳ್ತಿದ್ದೆ."

ಊರಿಗೆಲ್ಲ ಗೊತ್ತಿದ್ದದ್ದೇ. ಗೊತ್ತಿದ್ದು ಯಾರೂ ಆಡದ ಮಾತು ಅದು. ದಾದ್‌ಕರೀಮನ ಅಪ್ಪ ಮೀರ್ ನುಸ್ರತ್ ಕಡಲ ಕರೆಯಿಂದ ಕೊಂಡು ತಂದ ಹೆಣ್ಣು ಝೈತೂನ್. ಹಗಲು ಕೋಟೆಯ ಹಿಟ್ಟು ಬೀಸಿದಳು. ರಾತ್ರಿ ಏನು ಬೀಸಿದಳೋ ಕೇಳುವವರಿರಲಿಲ್ಲ. ಅವಳಿಗೆ ಒಂದು ಗಂಡು, ಒಂದು ಹೆಣ್ಣು ಹುಟ್ಟಿದವು. ಆ ಹೆಣ್ಣೇ ಮುರ್ವಾರಿದ್. ಗುಲಾಮಗಿರಿ ಇಲ್ಲವೆಂದು ಸರ್ಕಾರ ಕಾನೂನು ಮಾಡಿದ್ದು ಅವಳು ಹುಟ್ಟುವ ಮೊದಲೇ. ಕಾನೂನು ತೆಹ್ರಾನಿನಲ್ಲಿತ್ತು, ಗುಲಾಮಗಿರಿ ಇಲ್ಲಿತ್ತು. ಬಲೂಚರು ಯಾರೂ ಆ ಮಕ್ಕಳಿಗೆ ಹೆಣ್ಣು ಕೊಡಲಿಲ್ಲ, ತರಲಿಲ್ಲ. ಆದ್ದರಿಂದ ಮುರ್ವಾರಿದ್ ತನ್ನ ಮಗಳನ್ನು ಅಣ್ಣನ ಮಗನಿಗೇ ಕೊಟ್ಟಳು. ಆ ಸೋದರಿಕೆಯಲ್ಲಿ ಹುಟ್ಟಿದವಳು ಮಾಹ್‌ಬೀಬಿ. ಅತ್ತ ಕೋಟೆಯಲ್ಲೂ ಅದೇ ಕತೆ. ಹೊರಗಿನ ಹೆಣ್ಣಿಗೆ ಅಲ್ಲಿ ಬಾಗಿಲಿಲ್ಲ, ಮುರಾದ್‌ಬಖ್ಷ್ ಕಟ್ಟಿಕೊಂಡದ್ದು ಸ್ವಂತ ದೊಡ್ಡಪ್ಪ ದಾದ್‌ಕರೀಮನ ಮಗಳು ಷಾಹ್‌ಗುಲ್‌ಳನ್ನು. ಕೋಟೆಯವರು ನೆತ್ತರು ಚೊಕ್ಕವಾಗಿರಲೆಂದು ಒಳಗಿನಿಂದ ಅಗುಳಿ ಹಾಕಿಕೊಂಡರು, ಕೇರಿಗೆ ಹೊರಗಿನಿಂದ ಅಗುಳಿ ಜಡಿದರು. ಎರಡು ಮುಚ್ಚಿದ ಬಾಗಿಲುಗಳ ಹಿಂದೆ ಒಬ್ಬನೇ ಮುದುಕನ, ಮೀರ್ ನುಸ್ರತನ, ಸರ ಇಮ್ಮಡಿಯಾಗಿ ಕೂತಿತ್ತು.

ಮಾಹ್‌ಬೀಬಿಗೆ ಅದರ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು. ಮಗು ಬದುಕುತ್ತದೆ ಅಜ್ಜಿ, ಬದುಕುತ್ತದೆ ಎಂದು ಮುದುಕಿಯ ಅಂಟುಗೈ ಹಿಡಿದು ಕುಣಿದಳು.

ಮರುದಿನ ಮುಂಜಾನೆ ಮುರಾದ್‌ಬಖ್ಷ್ ಅವಳನ್ನು ಕೋಟೆಯ ದೀವಾನಖಾನೆಗೆ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಅವನ ಕಾಲು ನೆಲಕ್ಕೆ ತಾಗಲಿಲ್ಲ. ಒಳಗೆ ಮೀರ್ ದಾದ್‌ಕರೀಂ ರತ್ನಗಂಬಳಿಯ ಮೇಲೆ ಒರಗುದಿಂಬಿಗೆ ಆತುಕೊಂಡಿದ್ದ. ಊರಲ್ಲಿ ಎಲ್ಲರಿಗಿಂತ ಮೊದಲು ಕೆನ್ನೆ ಉಜ್ಜಿಸಿಕೊಂಡವನೇ ಅವನು, ತನ್ನ ಹಿರೀಕರು ಹಲಬಿನವರೆಂದು ಸರ್ಕಾರದ ಯಂತ್ರವೇ ಸಾರಲಿ ಎಂದು. ಮಾಹ್‌ಬೀಬಿ ಕೆರ ಬಿಡುವ ಜಾಗದಲ್ಲಿ ನಿಂತಳು. ಅವಳ ಕುಲದವರಿಗೆ ಎಷ್ಟು ಓದಿದರೂ ಅಲ್ಲಿಂದ ಮುಂದಕ್ಕೆ ರತ್ನಗಂಬಳಿ ಇರಲಿಲ್ಲ.

ಮಜ್ಜೆ ಸಿಕ್ಕಿತು ಎಂದಾಗ ಮೀರನ ಮುಖ ಅರಳಿತು. ಗಡ್ಡ ನೀವಿಕೊಂಡು ದೇವರನ್ನು ನೆನೆದ. ಯಾರ ಮಗ ಅವನು, ಅವನಿಗೆ ಒಂಟೆ ಕೊಡಲೇ, ತೋಟ ಕೊಡಲೇ ಎಂದ. ಮುರಾದ್‌ಬಖ್ಷ್ ನೆಲ ನೋಡುತ್ತ ಬಾಗಿಲ ಕಡೆ ಕೈ ತೋರಿಸಿದ.

ದೀವಾನಖಾನೆಯಲ್ಲಿದ್ದವರೆಲ್ಲ ಒಮ್ಮೆಗೇ ತಮ್ಮ ತಮ್ಮ ಚಹಾ ಬಟ್ಟಲನ್ನು ಬಲು ಅಕ್ಕರೆಯಿಂದ ನೋಡತೊಡಗಿದರು.

ಯಂತ್ರಕ್ಕೂ ಮುಪ್ಪು ಬರುತ್ತದೆ, ಇನ್ನೊಂದು ಸಲ ನೋಡಿಸು ಎಂದ ಮೀರ್. ಎರಡು ಸಲ ನೋಡಿದ್ದಾರೆ, ಕಾಯಿಲೆಯ ಕಲೆಯೂ ನನ್ನಲ್ಲಿಲ್ಲ ಎಂದಳು ಮಾಹ್‌ಬೀಬಿ. ಹಾಗಾದರೆ ಕಾಕತಾಳೀಯ ಎಂದ ಅವನು. ಅಲ್ಲಿಯವರೆಗೆ ಅವಳು ತಗ್ಗಿದ ದನಿಯಲ್ಲೇ ಇದ್ದಳು. ಇನ್ನು ಆಗಲಿಲ್ಲ.

"ನೀವು ಕೊಟ್ಟ ಜೊಲ್ಲಲ್ಲೂ ಅದೇ ಸರ ಒಂದಿದೆ ವಾಜಾ. ನಿಮಗೆ ಕೊಟ್ಟವರೇ ನಮ್ಮಜ್ಜಿಗೂ ಕೊಟ್ಟಿದ್ದಾರೆ."

ಒಡೆಯನಿಗೆ ಅನ್ನುವ ಆ ‘ವಾಜಾ’ ನಾಲಿಗೆಯಿಂದ ತಾನಾಗಿ ಉದುರಿತ್ತು. ಅದಕ್ಕಾಗಿ ಅವಳು ತನ್ನನ್ನೇ ಬೈದುಕೊಂಡಳು.

ಮೀರ್ ಗದರಲಿಲ್ಲ. ಮೆಲ್ಲಗೆ, ಹವೆಯ ಮಾತಾಡುವವನಂತೆ ಹೇಳಿದ. "ಗುಲಾಮರ ಮಜ್ಜೆ ನಮ್ಮ ಎಲುಬಿಗಿಳಿಯೋದಕ್ಕಿಂತ..."

ಉಳಿದದ್ದನ್ನು ಆಡಲಿಲ್ಲ. ಪರದೆಯ ಹಿಂದೆ ಷಾಹ್‌ಗುಲ್ ಮಗಳ ತಲೆ ಬಾಚುತ್ತ ಕೂತಿದ್ದಳು. ಆಡದ ಮಾತು ಅವಳಿಗೆ ಪೂರ್ತಿ ಕೇಳಿಸಿತು.

ಬೇರೆ ಕಡೆ ಹುಡುಕಲಿ, ಜರ್ಮನಿಯಲ್ಲಿ ಹುಡುಕಲಿ, ಈ ಮಾತು ಇಲ್ಲಿಗೆ ಮುಗಿಯಿತು ಎಂದು ಮೀರ್ ಎದ್ದ. ಅವನ ಮಾತಿಲ್ಲದೆ ಆ ಮನೆಯಲ್ಲಿ ಒಲೆಯೂ ಹೊತ್ತುತ್ತಿರಲಿಲ್ಲ. ಹೊರಗೆ ಬಂದ ಮುರಾದ್‌ಬಖ್ಷ್ ತನ್ನ ಟೊಯೋಟ ಗಾಡಿಯ ಬಾಗಿಲಿಗೆ ಹಣೆ ಒತ್ತಿಕೊಂಡು ನಿಂತುಬಿಟ್ಟ. ಮಾಹ್‌ಬೀಬಿಗೆ ಕರುಣೆಯೂ ಬಂತು, ರೇಗಿಯೂ ಹೋಯಿತು.

"ಮಗೂಗೆ ಅಪ್ಪ ನೀನೋ, ನಿಮ್ಮ ದೊಡ್ಡಪ್ಪನೋ?" ಎಂದಳು. "ತೀರ್ಮಾನ ಮಾಡ್ಕೊಂಡು ಹೇಳು. ನನ್ನ ಎಲುಬು ಇಲ್ಲೇ ಇರುತ್ತೆ."

ಅವನು ತೀರ್ಮಾನ ಮಾಡಲಿಲ್ಲ. ಮಾಡಿದವಳು ಅವನ ಹೆಂಡತಿ.

ಮರುದಿನ ಹೊತ್ತೇರಿ ಊರೆಲ್ಲ ತೋಟದಲ್ಲಿದ್ದ ವೇಳೆಗೆ ಕೋಟೆಯ ದೊಡ್ಡ ಬಾಗಿಲು ತೆರೆಯಿತು. ಷಾಹ್‌ಗುಲ್ ಮಗಳನ್ನು ಸೊಂಟಕ್ಕೇರಿಸಿಕೊಂಡು ಹೊರಬಿದ್ದಳು. ಹಿತ್ತಲ ಬಾಗಿಲಿರಲಿಲ್ಲವೇ, ಇತ್ತು. ಅವಳು ಆರಿಸಿಕೊಂಡದ್ದು ದೊಡ್ಡ ಬಾಗಿಲನ್ನು. ನಡುಹಗಲ ಬೆಳಕಲ್ಲಿ, ಎದೆತುಂಬ ಕಸೂತಿಯ ಕೆಂಪು ಅಂಗಿಯಲ್ಲಿ, ಕಾಲುವೆಗುಂಟ ಗುಲಾಮರ ಕೇರಿಯ ಕಡೆ ನಡೆದಳು. ಮರದ ತುದಿಯಲ್ಲಿ ಗೊನೆ ಕೊಯ್ಯುತ್ತಿದ್ದವರು ಕೊಯ್ಯುವುದನ್ನು ಮರೆತು ಹಗ್ಗಕ್ಕೆ ಜೋತುಬಿದ್ದರು. ಕೋಟೆಯ ಹೆಣ್ಣು ಆ ಓಣಿಯ ಮಣ್ಣು ತುಳಿದದ್ದನ್ನು ಕಂಡ ಕಣ್ಣು ಊರಲ್ಲಿ ಒಂದೂ ಇರಲಿಲ್ಲ. ಅವಳು ನೆಟ್ಟಗೆ ಮುರ್ವಾರಿದಳ ಅಂಗಳಕ್ಕೆ ಬಂದು, ಮಗುವನ್ನು ಕೆಳಗಿಳಿಸಿ, ಮುದುಕಿಯ ಹೊದಿಕೆಯ ಸೆರಗು ಹಿಡಿದು ಕೂತಳು.

"ನಿಮ್ಮ ಮರೆಹೊಕ್ಕಿದೀನಿ," ಎಂದಳು.

ಸೆರಗು ಹಿಡಿದು ಈ ಮಾತು ಆಡಿದವರನ್ನು ಬಲೂಚರು ಬಿಟ್ಟುಕೊಡುವುದಿಲ್ಲ. ಕೊಲೆಗಾರನಾದರೂ ಸರಿ, ಸ್ವಂತ ಮಗನನ್ನು ಕೊಂದವನಾದರೂ ಸರಿ, ವ್ಯಾಜ್ಯ ತೀರುವವರೆಗೆ ಪ್ರಾಣ ಕೊಟ್ಟು ಕಾಯಬೇಕು. ಅಟ್ಟಿಕೊಂಡು ಬಂದವನು ಅರಸನಾದರೂ ಆ ಹೊಸಿಲ ಮುಂದೆ ಆಯುಧ ಇಳಿಸಬೇಕು, ಒಳಗೆ ಬಂದು ಕೂತು ಮಾತಾಡಬೇಕು. ಮೀರಿದವನ ಹೆಸರು ಏಳು ತಲೆಗೆ ಹೊಲಸು. ಆದರೆ ಈ ಹಿರಿಮೆಯೆಲ್ಲ ಹೆಸರಿದ್ದ ಮನೆಗಳದು. ಗುಲಾಮರ ಮರೆಯನ್ನು ಯಾರೂ ಹೊಕ್ಕಿರಲಿಲ್ಲ. ಹಿಡಿಯಲು ಅವರಿಗೆ ಸೆರಗೆಂಬುದೊಂದು ಇದೆ ಎಂದೇ ಯಾರೂ ತಿಳಿದಿರಲಿಲ್ಲ.

ಅಜ್ಜಿ ತನ್ನ ಹೊದಿಕೆಯ ತುದಿಯನ್ನು, ಅದನ್ನು ಹಿಡಿದ ಉಂಗುರದ ಬೆರಳುಗಳನ್ನು ಬಹಳ ಹೊತ್ತು ನೋಡಿದಳು.

"ತಂಗೀ, ನೀನು ಹಿಡ್ದಿರೋದು ಗುಲಾಮಳ ಸೆರಗು. ಹಳೇದು. ಹರಿದುಗಿರಿದೀತು, ಎಳೆದು ನೋಡ್ಕೋ."

ಷಾಹ್‌ಗುಲ್ ನಿಜಕ್ಕೂ ಎಳೆದು ನೋಡಿದಳು. ಗಟ್ಟಿ ಇದೆ ಎಂದಳು.

ಕೇರಿ ಎದ್ದಿತು. ಹೇಳಿ ಕಳಿಸಿದವರಿಲ್ಲ, ಕರೆದವರಿಲ್ಲ. ಖರ್ಜೂರದ ಕುಡುಗೋಲು ಹಿಡಿದ ಗಂಡಸರು ಒಬ್ಬೊಬ್ಬರಾಗಿ ಬಂದು ಅಂಗಳದ ಬಾಯಿಗೆ ಸಾಲಾಗಿ ಕೂತರು. ಹೆಂಗಸರು ಒಲೆ ಹೂಡಿದರು, ಮೀನು ಹುರಿದರು, ಅನ್ನಕ್ಕೆ ಎಸರಿಟ್ಟರು. ತಲೆತಲಾಂತರ ಕೋಟೆಯ ಬಾಗಿಲು ಕಾದವರಿಗೆ ತಮ್ಮ ಬಾಗಿಲು ಕಾಯುವ ಪಾಳಿ ಮೊದಲ ಸಲ ಬಂದಿತ್ತು. ಅದರ ಸಡಗರವನ್ನು ಏನೆಂದು ಹೇಳುವುದು. ಮುದುಕರು ಮೀಸೆ ತಿರುವಿದರು. ಕಾವಲಿಗೆ ಕೂತವನೊಬ್ಬ, ಒಳಗೆ ಹೋಗುವವರು ಕಾರಣ ಹೇಳಿ ಹೋಗಿ, ಇದು ಮುರ್ವಾರಿದ್ ಖಾನಳ ಕೋಟೆ ಎಂದು ಗತ್ತಿನಿಂದ ಸಾರಿದ. ಅವನ ಹೆಂಡತಿ, ಮೊದಲು ಹೋಗಿ ನೀರು ಹೊತ್ತು ತಾ, ಕೋಟೆಗೆ ಕುಡಿಯೋಕಿಲ್ಲ ಎಂದಳು. ಗ್ರಾನಾಝ್ ಮಾವಿನ ಉಪ್ಪಿನಕಾಯಿ ಚೀಪುತ್ತ ಎಲ್ಲವನ್ನೂ ಕಣ್ಣರಳಿಸಿ ನೋಡಿದಳು. ಸುಸ್ತಾದಾಗ ಮಾಹ್‌ಬೀಬಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಮಗುವಿನ ತುಟಿ ಬಿಳಿಚಿತ್ತು, ಮಣಿಕಟ್ಟಿನಲ್ಲಿ ನಾಡಿ ಹಕ್ಕಿಯ ಹಾಗೆ ಪಟಪಟ ಬಡಿಯುತ್ತಿತ್ತು. ಸಡಗರದ ಅಡಿಯಲ್ಲಿ ಮಾಹ್‌ಬೀಬಿಗೆ ಹೆದರಿಕೆಯೂ ಇತ್ತು. ಮುದುಕ ಬರದೇ ಹೋದರೆ? ಹಟಕ್ಕೆ ಬಿದ್ದು ಮುಂದಿನ ಬೇಸಿಗೆಯವರೆಗೆ ಕೂತುಬಿಟ್ಟರೆ? ಈಗಲೇ ಹೊರಟುಬಿಡೋಣ ಎಂದು ಷಾಹ್‌ಗುಲ್‌ಳ ಕಿವಿಯಲ್ಲಿ ಹೇಳಿದಳು. ಹೊರಟರೆ ಆತ ದಾರಿಯಲ್ಲಿ ತಡೆಯುತ್ತಾನೆ, ಮರೆಯಲ್ಲಿದ್ದರೆ ಇಲ್ಲಿಗೇ ಬರುತ್ತಾನೆ, ನನಗೆ ನನ್ನಪ್ಪ ಗೊತ್ತು ಎಂದಳು ಅವಳು.

ಅವನು ಆ ದಿನ ಬರಲಿಲ್ಲ. ಮರುದಿನ ಬಿಸಿಲು ನೆತ್ತಿಗೇರಿದಾಗ ಬಂದ.

ಹಿಂದೆ ಇಬ್ಬರು ಬಂದೂಕಿನವರು, ಅವರ ಹಿಂದೆ ಕುತ್ತಿಗೆ ಬಗ್ಗಿಸಿಕೊಂಡು ಮುರಾದ್‌ಬಖ್ಷ್. ಕುಡುಗೋಲಿನವರು ಏಳಲಿಲ್ಲ, ದಾರಿಯನ್ನೂ ಬಿಡಲಿಲ್ಲ. ಮೀರ್ ನಿಂತ. ಅವನ ಎದುರು ಕೂತೇ ಇದ್ದ ಜನರನ್ನು ಅವನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಕಡೆಗೆ ತನ್ನವರಿಗೆ ಕೈಸನ್ನೆ ಮಾಡಿದ, ಬಂದೂಕುಗಳು ಗೋಡೆಗೊರಗಿದವು. ಆಗ ದಾರಿ ಬಿಟ್ಟಿತು. ಕೇರಿಯ ಬಾಗಿಲುಗಳು ಗಿಡ್ಡ. ಮೀರ್ ದಾದ್‌ಕರೀಂ ತಲೆ ತಗ್ಗಿಸಿ ಒಳಗೆ ಬಂದ.

ಅಜ್ಜಿ ಎದ್ದಳು. ಬಂದವರಿಗೆ ಎದ್ದು ನಿಲ್ಲುವುದು ಮನೆಯ ಮರ್ಯಾದೆ, ಗುಲಾಮಳ ಮರ್ಯಾದೆಯಲ್ಲ. ಎದ್ದಷ್ಟೇ ನೇರವಾಗಿ ಎದುರಿಗೆ ಕೂತಳು. ಮಾಹ್‌ಬೀಬಿ ಏಲಕ್ಕಿ ಹಾಕಿದ ಹಾಲುಚಹಾ ತಂದಿಟ್ಟಳು. ಅವನು ಮುಟ್ಟಲಿಲ್ಲ. ಮಗಳ ಕಡೆ ತಿರುಗಿ ಬಾಯಿ ತೆರೆದ. ಅಜ್ಜಿ ಕೈ ಎತ್ತಿದಳು.

ಬಂದವರು ಮಾತು ತೆಗೆಯುವಂತಿಲ್ಲ. ಮನೆಯ ಹಿರಿಯರು ಮೊದಲು ಹಾಲಹವಾಲು ಕೇಳಬೇಕು, ಬಂದವರು ತಮ್ಮೂರ ತಮ್ಮ ಮನೆಯ ಸುದ್ದಿಯನ್ನೆಲ್ಲ ಹೇಳಬೇಕು, ಆಮೇಲೆ ಮನೆಯವರು ತಮ್ಮದನ್ನು ಹೇಳುತ್ತಾರೆ, ಬಂದವರು ಕೂತು ಕೇಳುತ್ತಾರೆ. ಮರಳುಗಾಡಿನಲ್ಲಿ ಸುದ್ದಿ ನೀರಿನಷ್ಟೇ ಬೆಲೆಯುಳ್ಳದ್ದು. ಆದ್ದರಿಂದ ಹಾಲಹವಾಲಿನಲ್ಲಿ ಸುಳ್ಳು ಹೇಳಿದವನು ಬಾವಿಗೆ ವಿಷ ಹಾಕಿದವನಿಗೆ ಸಮ. ಅವನ ಮಾತನ್ನು ಆಮೇಲೆ ಯಾವ ಸಭೆಯೂ ತೂಗುವುದಿಲ್ಲ. ಬಲೂಚ ಬಲೂಚನನ್ನು ಕೇಳುವ ಮಾತಿದು. ಗುಲಾಮರನ್ನು ಯಾರೂ ಕೇಳುವುದಿಲ್ಲ, ಗುಲಾಮರು ಯಾರನ್ನೂ ಕೇಳುವುದಿಲ್ಲ. ಕೋಟೆಯಲ್ಲಿ ಚಹಾ ಹಂಚುತ್ತ ಸಾವಿರ ಸಲ ಕೇಳಿಸಿಕೊಂಡ ಮಾತನ್ನು ಮುರ್ವಾರಿದ್ ಎಂಬತ್ತರ ವಯಸ್ಸಿನಲ್ಲಿ ಮೊದಲ ಸಲ ತನ್ನ ಬಾಯಲ್ಲಿ ಆಡಿದಳು.

"ಬಂದಿದೀರಿ, ಒಳ್ಳೇದಾಯ್ತು. ಹಾಲಹವಾಲು ಹೇಳಿ."

ಮೀರ್ ಎದ್ದು ಹೋಗಬಹುದಿತ್ತು. ಎದ್ದರೆ ಮರೆಯ ಮನೆಯನ್ನು ತುಚ್ಛ ಮಾಡಿದಂತೆ, ಮಗಳೂ ಹೋದಳು, ಹೆಸರೂ ಹೋಯಿತು. ಹೊರಗೆ ಇಡೀ ಊರು ಗೋಡೆಗೆ ಕಿವಿ ಹಚ್ಚಿತ್ತು. ಅವನು ಸುರು ಮಾಡಿದ. ಹೊಳೆಯಲ್ಲಿ ನೀರು ತಗ್ಗಿದೆ. ಈ ಸಲ ಖರ್ಜೂರ ಚೆನ್ನಾಗಿದೆ, ಒಂದೆರಡು ಮರಕ್ಕೆ ಹುಳ ಹತ್ತಿದೆ. ಭಾವಮೈದುನ ಮಸ್ಕತ್ತಿನಿಂದ ಬಂದಿದ್ದಾನೆ. ಕಂದು ಒಂಟೆ ಮರಿ ಹಾಕಿದೆ. ಹೇಳಿ ನಿಲ್ಲಿಸಿದ.

"ಮತ್ತೆ?" ಎಂದಳು ಅಜ್ಜಿ.

ಆರೋಗ್ಯ ಎಂದ ಮೀರ್. ಎಲ್ಲರೂ ಆರೋಗ್ಯ ಎನ್ನಲು ಹೊರಟವನ ಕಣ್ಣು ಮೊಮ್ಮಗಳ ಮೇಲೆ ಬಿತ್ತು. ಸೆಕೆಗೆ ಬಾಯಿ ತೆರೆದು ಮಲಗಿದ್ದ ಮಗುವಿನ ಕೊರಳ ನರ ಎದ್ದು ಕುಣಿಯುತ್ತಿತ್ತು. ಎಲ್ಲರೂ ಎಂಬ ಮಾತನ್ನು ಅವನು ಅರ್ಧಕ್ಕೇ ಬಿಟ್ಟ. ಹಾಲಹವಾಲಿನಲ್ಲಿ ಅಷ್ಟು ಸಣ್ಣ ಸುಳ್ಳಿಗೂ ಜಾಗವಿರಲಿಲ್ಲ.

"ಮತ್ತೆ?"

ಮುದುಕ ಮುದುಕಿ ಒಬ್ಬರನ್ನೊಬ್ಬರು ನೋಡುತ್ತ ಕೂತರು. ಮಾಹ್‌ಬೀಬಿ ಎರಡು ವರ್ಷ ಸಾವಿರಾರು ಮುಖಗಳನ್ನು ಅಂಗೈ ಅಗಲದಿಂದ ನೋಡಿದವಳು. ಈ ಎರಡು ಮುಖಗಳನ್ನು ಒಂದೇ ಬೆಳಕಲ್ಲಿ ಎದುರುಬದುರಾಗಿ ಎಂದೂ ನೋಡಿರಲಿಲ್ಲ. ಒಂದು ಕಪ್ಪು, ಒಂದು ಗೋಧಿ. ಹಟ ಹಿಡಿದ ಗದ್ದ ಮಾತ್ರ ಒಂದೇ ಅಚ್ಚಿನದು. ಹೇಳು ಮುದುಕಾ, ಹೇಳು ಎಂದು ಒಳಗೊಳಗೇ ಒದರಿದಳು.

ಮೀರ್ ಕೆಮ್ಮಿದ. ಹೇಳಿದಾಗ ದನಿ ಹೊರಗಿನ ಗೋಡೆಯವರೆಗೆ ಹೋಗುವಷ್ಟು ಗಟ್ಟಿಯಾಗಿತ್ತು. ಅರ್ಧ ಹೇಳುವುದು ಅವನ ಜಾಯಮಾನವಲ್ಲ, ಅಷ್ಟನ್ನು ಒಪ್ಪಬೇಕು.

"ನನ್ನ ಮೊಮ್ಮಗಳು ಸಾಯ್ತಾ ಇದಾಳೆ. ಅವಳಿಗೆ ಬೇಕಾದ್ದು ನಮ್ಮಪ್ಪನ ಮಗಳ ಮನೇಲಿದೆ. ಕೇಳೋಕೆ ಬಂದಿದೀನಿ, ಅಕ್ಕಾ. ಇದೇ ನನ್ನ ಹಾಲಹವಾಲು."

ಷಾಹ್‌ಗುಲ್ ಸೆರಗು ಬಿಟ್ಟಳು. ಮುಖ ಮುಚ್ಚಿಕೊಂಡು ಬಿಕ್ಕಿದಳು. ಗೋಡೆಯಾಚೆ ಗುಜುಗುಜು ಎದ್ದು, ಓಣಿಯುದ್ದಕ್ಕೂ ಹರಿದು, ಕಾಲುವೆ ದಾಟಿ, ಮರದ ತುದಿಗಳನ್ನು ಏರಿತು. ಮುರಾದ್‌ಬಖ್ಷನ ಕುತ್ತಿಗೆ ನೆಟ್ಟಗಾಯಿತು. ಯಾರನ್ನೂ ಕೇಳದೆ ಹೊರಗೆ ಓಡಿ ಟೊಯೋಟ ಹೊತ್ತಿಸಿ ಹಾರನ್ ಒತ್ತತೊಡಗಿದ.

ಅಜ್ಜಿ ಅಳಲಿಲ್ಲ, ನಗಲೂ ಇಲ್ಲ. ಕೇಳಿದ್ದೇವೆ, ಕೊಟ್ಟಿದ್ದೇವೆ ಎಂದಳು. ಮಾಹ್‌ಬೀಬಿಯ ಕಡೆ ನೋಡಿ ಹುಬ್ಬಿನಲ್ಲೇ ಬಾಗಿಲು ತೋರಿಸಿದಳು. ಹೊತ್ತು ಮಾಡಬೇಡ, ಹೊರಡು.

ಮೀರನೂ ಏಳಲು ಕೈಯೂರಿದ. ಅಜ್ಜಿ ಅವನ ಬಟ್ಟಲಿನ ಆರಿದ ಚಹಾ ಚೆಲ್ಲಿ ಹೊಸದನ್ನು ಸುರಿದಳು.

"ಎಲ್ಲ್ ಹೊರಟೆ ತಮ್ಮಾ? ನಿಂದು ಮುಗೀತು. ನನ್ನ ಹಾಲಹವಾಲು ಕೇಳಬೇಡ್ವಾ?"

ಕೇಳಬೇಕು. ಕೇಳದೆ ಏಳುವಂತಿಲ್ಲ. ಮೀರ್ ದಾದ್‌ಕರೀಂ ಮತ್ತೆ ಕೂತ. ಅಜ್ಜಿ ಕಾಲು ಮಡಿಚಿ ಸರಿಯಾಗಿ ಕೂತು, ಹಿಟ್ಟಿನ ಚೀಲಕ್ಕೂ ಹೆಂಗಸಿಗೂ ಒಂದೇ ಬೆಲೆಯಿದ್ದ ಕಾಲದ ಒಂದು ಬಂದರಿನಿಂದ ಸುರು ಮಾಡಿದಳು. ಮಾಹ್‌ಬೀಬಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಹಾರಿದಳು, ಹಿಂದೆ ಷಾಹ್‌ಗುಲ್. ಕುಡುಗೋಲಿನವರು ಗಾಡಿಯನ್ನು ಮರಳಿನಿಂದ ನೂಕಿ ಎತ್ತಿದರು. ಎಚ್ಚರವಾದ ಗ್ರಾನಾಝ್, ನಿನ್ನ ಎಲುಬಿನೊಳಗಿನದು ಬಂದ ಮೇಲೆ ನಾನೂ ನಿನ್ನಷ್ಟು ಜೋರಾಗಿ ಓಡುತ್ತೇನಾ ಎಂದು ಕೇಳಿದಳು. ಮೊದಲು ಶೀರಾಜಿನವರೆಗೆ ಈ ಗಾಡಿ ಓಡಲಿ ಎಂದಳು ಮಾಹ್‌ಬೀಬಿ. ಗಾಡಿ ಹೊಳೆ ದಾಟಿ, ಗುಡ್ಡ ಹತ್ತಿ, ಇರಾನ್‌ಶಹರಿನ ದಾರಿಗೆ ಬಿತ್ತು.

ಆ ಹೊತ್ತಿಗೆ ಕೇರಿಯ ಆ ಗಿಡ್ಡ ಬಾಗಿಲಿನ ಮನೆಯಲ್ಲಿ ಮೂರನೆಯ ಬಟ್ಟಲು ಚಹಾ ಆಗಿತ್ತು. ಮೀರ್ ಕೇಳುತ್ತಲೇ ಇದ್ದ. ಅಜ್ಜಿಯ ಮಾತಿನಲ್ಲಿ ಅವಳವ್ವ ಝೈತೂನಳ ಹಡಗು ಇನ್ನೂ ದಡ ಸೇರಿರಲಿಲ್ಲ.